ಕಾರಿನ ಕಣ್ಣಿನ ಮೇಲೆ ಬಸವಣ್ಣ

"ಅಜ್ಜಾರ, ಸಮಚಿತ್ತ ಅಂದರ ಇದೇ ಏನ್ರಿ?"

ಕೇಳಿದವನು ರೇವಣಸಿದ್ಧ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಬರುವ ಹುಣ್ಣಿಮೆಗೆ ದೀಕ್ಷೆ ಎಂದು ನಿಶ್ಚಯವಾಗಿತ್ತು. ಐದು ದಿನದ ಹಿಂದೆ ಅವನ ಅಕ್ಕನ ಗಂಡ ತೀರಿಕೊಂಡ ಸುದ್ದಿ ಮಠದ ಫೋನಿಗೆ ಬಂದಿತ್ತು. ತಾಯಿಯಿಲ್ಲದ ರೇವಣಸಿದ್ಧನನ್ನು ಸಾಕಿದವಳು ಆ ಅಕ್ಕ. ಅವಳ ಊರು ದೂರವಲ್ಲ, ಬಸ್ಸಿಗೆ ಎರಡು ತಾಸು. ರೇವಣಸಿದ್ಧ ಹೋಗಲಿಲ್ಲ. ಸುದ್ದಿ ಕೇಳಿ ಫೋನು ಇಟ್ಟು, ಅರ್ಧಕ್ಕೆ ಬಿಟ್ಟಿದ್ದ ಅಂಗಳವನ್ನು ಪೂರ್ತಿ ಗುಡಿಸಿದ. ಉಳಿದ ಸಾಧಕರು ಅದನ್ನು ಕಂಡು, ಇವನ ಮನಸ್ಸು ಕಲ್ಲಿನ ಕಂಬ ಎಂದು ಹೊಗಳಿದರು. ಆ ಹೊಗಳಿಕೆ ಅವನ ಕಿವಿಗೂ ಬಿದ್ದಿತ್ತು.

"ಸುದ್ದಿ ಬಂದಾಗ ನನ್ನ ಮನಸ್ಸು ಒಂದೀಟೂ ಅಲುಗಲಿಲ್ರಿ. ಇವತ್ತಿಗೂ ಹಂಗೇ ಅದ. ಬಿಸಿನೂ ಇಲ್ಲ, ತಂಪೂ ಇಲ್ಲ. ಇದು ಸಮಚಿತ್ತ ಹೌದಲ್ರಿ?"

ಮಠದ ಹಿರಿಯ ಸ್ವಾಮಿಗಳಾದ ಅಜ್ಜ ಕಿಟಕಿಯ ಹಲಗೆಯ ಮೇಲಿದ್ದ ಹಿತ್ತಾಳೆಯ ಬಸವಣ್ಣನನ್ನು ಒರೆಸುತ್ತಿದ್ದರು. ಹೆಬ್ಬೆರಳಿನಷ್ಟು ಎತ್ತರದ ಮೂರ್ತಿ. ಕೂಡು ಎಂದು ನೆಲ ತೋರಿಸಿದರು. ಅಜ್ಜ ದಿನದ ಮಾತನ್ನೆಲ್ಲ ಊರಿನವರಂತೆಯೇ ಆಡುತ್ತಿದ್ದರು. ಕತೆ ಹೇಳುವಾಗ ಮಾತ್ರ ಅವರ ಮಾತು ಪುಸ್ತಕದಂತಾಗುತ್ತಿತ್ತು.

ಒಬ್ಬ ಬೇಳೆ ವ್ಯಾಪಾರಿಯ ಹತ್ತಿರ ಒಬ್ಬ ಡ್ರೈವರ್ ಇದ್ದ, ಎಂದು ಅವರು ಶುರುಮಾಡಿದರು.

ರೇವಣಸಿದ್ಧನಿಗೆ ನಗು ಬಂತು. ಕಾವಿ ಉಡುವ ಮೊದಲು ಅಜ್ಜ ಒಬ್ಬ ಬೇಳೆ ಮಿಲ್ಲಿನ ಸಾವುಕಾರರ ಕಾರು ಓಡಿಸುತ್ತಿದ್ದರೆಂಬುದು ಮಠದ ಬೆಕ್ಕಿಗೂ ಗೊತ್ತಿತ್ತು.

"ನಗಬ್ಯಾಡ," ಎಂದರು ಅಜ್ಜ. "ಆ ಡ್ರೈವರ್ ಸತ್ತು ಭಾಳ ದಿನ ಆತು."

ಮತ್ತೆ ಕತೆಗೆ ಬಂದರು.

ವ್ಯಾಪಾರಿಯ ಹತ್ತಿರ ಒಂದು ಬಿಳಿ ಅಂಬಾಸಿಡರ್ ಇತ್ತು. ಅದಕ್ಕೆ ಎ.ಸಿ. ಇರಲಿಲ್ಲ. ಆಗ ಯಾರ ಕಾರಿಗೂ ಇರಲಿಲ್ಲ, ಯಾರೂ ಅದಕ್ಕಾಗಿ ಅತ್ತಿರಲಿಲ್ಲ. ವ್ಯಾಪಾರಿಗೆ ವಯಸ್ಸಾದ ತಾಯಿ ಇದ್ದಳು. ಅವಳು ಪ್ರತಿ ಅಮಾವಾಸ್ಯೆಗೆ ತವರೂರಿನ ಗುಡಿಗೆ ಹೋಗುತ್ತಿದ್ದಳು. ಎರಡು ತಾಸಿನ ದಾರಿ. ನಮ್ಮ ಸೀಮೆಯ ಬಿಸಿಲು ನಿನಗೆ ಗೊತ್ತು. ಬೇಸಿಗೆಯಲ್ಲಿ ಆ ಮುದುಕಿಯನ್ನು ಬಾಡದಂತೆ ಕರೆದೊಯ್ದು ಬಾಡದಂತೆ ಕರೆತರುವುದೇ ಡ್ರೈವರ್‌ನ ನಿಜವಾದ ಕೆಲಸ. ಸ್ಟೇರಿಂಗ್ ಯಾರಾದರೂ ತಿರುಗಿಸುತ್ತಾರೆ.

ಅವನು ಕಾರನ್ನು ಬೇವಿನ ನೆರಳಲ್ಲಿ ನಿಲ್ಲಿಸುತ್ತಿದ್ದ. ವ್ಯಾಪಾರಿಯ ಅವ್ವ ಬರುವ ಮೊದಲು ಎರಡೂ ಕಡೆಯ ಬಾಗಿಲು ತೆಗೆದು, ಒಂದು ಬಾಗಿಲನ್ನು ಹತ್ತು ಸಲ ಬೀಸಿ, ಒಳಗಿನ ಕಾವನ್ನು ಹೊರಗೆ ನೂಕುತ್ತಿದ್ದ. ಬಿಸಿಲು ಬೀಳುವ ಕಡೆಯ ಕಿಟಕಿಗೆ ಲಾವಂಚದ ಬೇರಿನ ಚಾಪೆಯನ್ನು ನೆನೆಸಿ ಕಟ್ಟುತ್ತಿದ್ದ. ಆ ಚಾಪೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅವನ ಮೂಗಿನಲ್ಲಿ ಎನ್ನಬೇಕಿತ್ತು, ಇರಲಿ. ಅವ್ವನ ಕಾಲ ಬಳಿ ಮಣ್ಣಿನ ತತ್ರಾಣಿಯಲ್ಲಿ ನೀರು. ಎದುರಿಗೆ ಲಾರಿ ಬಂದರೆ ಧೂಳಿಗೆ ಗ್ಲಾಸು ಮೇಲೆ, ಲಾರಿ ಹೋದರೆ ಗ್ಲಾಸು ಎರಡು ಬೆರಳು ಕೆಳಗೆ.

ಎಷ್ಟು ಇಳಿಸಬೇಕು, ಎಷ್ಟು ಏರಿಸಬೇಕು ಎಂದು ಅವನಿಗೆ ಹೇಗೆ ತಿಳಿಯುತ್ತಿತ್ತು? ಕಾರಿನ ಕನ್ನಡಿಯ ಪಕ್ಕದಲ್ಲಿ ಅವನು ಇನ್ನೊಂದು ಕನ್ನಡಿ ಕಟ್ಟಿದ್ದ. ಗಡ್ಡ ಹೆರೆಯುವ ಸಣ್ಣ ದುಂಡು ಕನ್ನಡಿ. ಕಾರಿನ ಕನ್ನಡಿ ರಸ್ತೆ ನೋಡಲು. ಇದು ಅವ್ವನ ಹಣೆ ನೋಡಲು. ಹಣೆಯ ಮೇಲೆ ಬೆವರು ಮೂಡಿದರೆ ಗ್ಲಾಸು ಇಳಿಯುತ್ತಿತ್ತು. ಅವಳು ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡರೆ ಏರುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ. ಹಿಂದಿನ ಸೀಟಿನ ಹುಣ್ಣಿಗೆ ಬೇಕು. ಇಪ್ಪತ್ತೆರಡು ಬೇಸಿಗೆ ಹೀಗೆ ಕಳೆದವು. ಅಷ್ಟು ವರ್ಷದಲ್ಲಿ ಅವಳು ಒಂದು ದಿನವೂ ಸೆಕೆ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ದಾರಿಯ ನಡುವೆ ಒಂದು ಸೇತುವೆ. ಅಲ್ಲಿ ಅವಳು ಪ್ರತಿ ಸಲ ತಪ್ಪದೆ ಒಂದು ಮಾತು ಕೇಳುತ್ತಿದ್ದಳು. "ಹಳ್ಳ ಬಂತೇನಪ?" ಹಳ್ಳ ಕಣ್ಣೆದುರೇ ಇರುತ್ತಿತ್ತು. ಆದರೂ ಕೇಳುತ್ತಿದ್ದಳು. "ಬಂತವ್ವ" ಎಂದು ಅವನು ಹೇಳುತ್ತಿದ್ದ. ನೋಡಿದರೆ ಅದೇನೂ ಮಾತಲ್ಲ. ಆದರೆ ಈ ವಯಸ್ಸಿನಲ್ಲಿ ನನಗೆ ಯಾವ ಮಂತ್ರಕ್ಕಿಂತ ಹೆಚ್ಚು ನೆನಪಾಗುವುದು ಅದೇ.

ಮುಂದೆ ವ್ಯಾಪಾರಿ ಹೊಸ ಕಾರು ತಂದ. ದೊಡ್ಡದು. ಒಳಗೆ ಕುಳಿತರೆ ಹೊರಗಿನ ಸದ್ದು ಕೇಳುತ್ತಿರಲಿಲ್ಲ. ಅದರ ಎ.ಸಿ. ತಾನೇ ನಡೆಯುವಂಥದು. ವ್ಯಾಪಾರಿ ಒಂದು ಗುಂಡಿ ಒತ್ತಿ ಇನ್ನೊಂದನ್ನು ತಿರುಗಿಸಿದ. ಹಸಿರು ದೀಪದಲ್ಲಿ ಇಪ್ಪತ್ತನಾಲ್ಕು ಎಂಬ ಅಂಕಿ ಮೂಡಿತು.

"ಇನ್ನ ಮ್ಯಾಲೆ ನೀ ಏನೂ ಮುಟ್ಟಬ್ಯಾಡ," ಎಂದ. "ಬಿಸಿಲಿರಲಿ, ಮಳಿ ಇರಲಿ, ಗಾಡಿ ತಾನೇ ಇಪ್ಪತ್ನಾಲ್ಕು ಇಡ್ತದ. ಆ ಚಾಪಿ, ಆ ಗಡ್ಡದ ಕನ್ನಡಿ, ಅವೆಲ್ಲ ಹೊಸ ಗಾಡಿಗೆ ಬ್ಯಾಡ."

ಡ್ರೈವರ್‌ಗೆ ಒಳಗೇ ಚುಚ್ಚಿತು. ಇಪ್ಪತ್ತೆರಡು ವರ್ಷ ಅವನು ಕಣ್ಣು ಕೈ ಎರಡನ್ನೂ ಸವೆಸಿ ಮಾಡಿದ್ದನ್ನು ಒಂದು ಗುಂಡಿ ಮಾಡುತ್ತದಂತೆ. ಒಂದೆರಡು ದಿನ ಅನ್ನ ರುಚಿಸಲಿಲ್ಲ. ಆಮೇಲೆ, ಮನುಷ್ಯನ ಬುದ್ಧಿ ನೋಡು, ಹಾಯೆನಿಸತೊಡಗಿತು. ನೋಡುವ ಕೆಲಸ ತಪ್ಪಿತು. ಅಂಕಿ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ.

ಆದರೆ ಅವನು ಭಕ್ತ. ಕೀಲಿ ತಿರುಗಿಸುವ ಮೊದಲು ಪೂಜೆ ಆಗಬೇಕು. ಹಳೆಯ ಕಾರಿನ ಬಸವಣ್ಣನನ್ನು ಹೊಸ ಕಾರಿಗೆ ತಂದ. ಎಲ್ಲಿ ಕೂರಿಸುವುದು? ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ, ಕಪ್ಪಗೆ ದುಂಡಗೆ ಒಂದು ಸಣ್ಣ ಉಬ್ಬು ಎದ್ದಿತ್ತು. ಕಾರು ಮಾಡಿದವರು ದೇವರಿಗೆಂದೇ ಪೀಠ ಮಾಡಿದ್ದಾರೆ ಎಂದುಕೊಂಡ. ಬಸವಣ್ಣನ ತಳಕ್ಕೆ ಅಂಟು ಹಚ್ಚಿ ಅದರ ಮೇಲೆ ಕೂರಿಸಿದ. ಸ್ಟೇರಿಂಗಿನ ಪಕ್ಕದಲ್ಲಿ ಕಾಸಿನಗಲದ ಒಂದು ಜಾಲರಿ ಇತ್ತು. ಅದರ ಕಿಂಡಿಗಳು ಊದಿನಕಡ್ಡಿ ಸಿಕ್ಕಿಸಲು ಅಳೆದು ಮಾಡಿದಂತಿದ್ದವು. ಇವರು ಎಷ್ಟು ತಿಳಿದವರು ಎಂದು ಕಾರು ಮಾಡಿದವರಿಗೆ ಮನಸ್ಸಿನಲ್ಲೇ ಕೈಮುಗಿದ. ದಿನಾ ಮುಂಜಾನೆ ಎರಡು ಕಡ್ಡಿ ಹಚ್ಚಿ ಅಲ್ಲಿ ಸಿಕ್ಕಿಸಿದ. ಬೂದಿ ಒಳಗೆ ಬಿದ್ದರೆ ಪ್ರಸಾದವೇ ಅಲ್ಲವೇ?

ಹೀಗೆ ಒಂದು ವರ್ಷ ಹೋಯಿತು. ಬಾದಾಮಿ ಅಮಾವಾಸ್ಯೆ ಬಂತು. ಹೊರಗೆ ಕೆಂಡ. ಅವ್ವ ಹಿಂದಿನ ಸೀಟಿನಲ್ಲಿ ಕುಳಿತಳು. ಗ್ಲಾಸುಗಳು ಮುಚ್ಚಿದ್ದವು. ಮುಂದಿನ ಕಿಂಡಿಯಿಂದ ಡ್ರೈವರ್‌ನ ಎದೆಗೆ ತಣ್ಣನೆಯ ಗಾಳಿ ನೇರವಾಗಿ ಬೀಸುತ್ತಿತ್ತು. ಅವನಿಗೆ ಹಿತವಾಗಿತ್ತು. ಒಂದೆರಡು ಸಲ ಅಂಕಿ ನೋಡಿದ. ಇಪ್ಪತ್ತನಾಲ್ಕು. ಎಲ್ಲ ಸರಿಯಾಗಿದೆ ಎಂದು ರಸ್ತೆ ನೋಡಿದ.

ಸೇತುವೆ ಬಂತು. ಸೇತುವೆ ದಾಟಿತು. ಹಳ್ಳ ಬಂತೇನಪ ಎಂಬ ಮಾತು ಬರಲಿಲ್ಲ.

ಡ್ರೈವರ್ ತಿರುಗಿ ನೋಡಿದ. ಅವ್ವನ ತಲೆ ಬಾಗಿಲಿಗೆ ವಾಲಿತ್ತು. ಮುಖ ಕೆಂಪಾಗಿತ್ತು. ಕುಪ್ಪಸ ಬೆವರಿಗೆ ತೊಯ್ದಿತ್ತು. ಕರೆದರೆ ಓಗೊಡಲಿಲ್ಲ.

ಅವನು ರಸ್ತೆಯ ಬದಿಯ ಬೇವಿನ ಕೆಳಗೆ ಕಾರು ನಿಲ್ಲಿಸಿದ. ನಾಲ್ಕೂ ಬಾಗಿಲು ತೆಗೆದ. ಅವಳನ್ನು ಎತ್ತಿ ನೆರಳಲ್ಲಿ ಮಲಗಿಸಿದ. ಟವೆಲ್ ನೆನೆಸಿ ಹಣೆಗೆ, ಕುತ್ತಿಗೆಗೆ ಇಟ್ಟ. ಇನ್ನೊಂದರಿಂದ ಬೀಸಿದ. ದೇವರ ಹೆಸರೂ ನೆನಪಾಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವಳು ಕಣ್ಣು ತೆರೆದಳು. ಎರಡು ಗುಟುಕು ನೀರು ಕುಡಿದಳು.

"ಸೆಕಿ ಆಗೇದಂತ ಒಂದು ಮಾತು ಹೇಳಬಾರದೇನವ್ವ?" ಎಂದ ಅವನು. ಅವನಿಗೆ ಅಳು ಬಂದಿತ್ತು.

"ಇಷ್ಟು ದೊಡ್ಡ ಗಾಡಿ, ಅಂಕಿ ಬ್ಯಾರೆ ತೋರಸ್ತದ. ನನ್ನ ಮೈಯೇ ನೆಟ್ಟಗಿಲ್ಲ ಅಂದ್ಕೊಂಡೆ," ಎಂದಳು ಅವಳು. ಇನ್ನೊಂದು ಗುಟುಕು ಕುಡಿದು ಮತ್ತೆ ಹೇಳಿದಳು. "ಮೊದಲ ನೀ ಕನ್ನಡ್ಯಾಗ ನೋಡ್ತಿದ್ದಿ. ಈಗ ನೋಡಂಗಿಲ್ಲ. ದೊಡ್ಡ ಗಾಡಿಗೆ ನೋಡಬಾರದೇನೋ ಅಂತ ಸುಮ್ಮನಾದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಇಷ್ಟು ದಿನ ಅದನ್ನು ಹೊತ್ತು ತಿರುಗುತ್ತಿರಲಿಲ್ಲ.

ಮುಂದಿನ ಊರಿನ ಡಾಕ್ಟರು ಸಲೈನ್ ಹಾಕಿದರು. ಅವ್ವ ಉಳಿದಳು. ಮಾರನೆಯ ದಿನ ವ್ಯಾಪಾರಿ ಡ್ರೈವರ್‌ನನ್ನು ಒಬ್ಬ ಎ.ಸಿ. ಮಿಸ್ತ್ರಿಯ ಹತ್ತಿರ ಕಳಿಸಿದ. ಮಿಸ್ತ್ರಿ ಬಾನೆಟ್ಟು ತೆಗೆಯಲಿಲ್ಲ. ಕಾರನ್ನು ಬಿಸಿಲಲ್ಲಿ ಚಾಲೂ ಇಡಿಸಿ, ತಾನು ಹೋಗಿ ಹಿಂದಿನ ಸೀಟಿನಲ್ಲಿ ಕುಳಿತ. ಕಾಲು ತಾಸು ಕುಳಿತ. ಬೆವೆತ. ಅಲ್ಲಿ ಒಮ್ಮೆ ಕುಳಿತು ನೋಡುವ ಬುದ್ಧಿ ಡ್ರೈವರ್‌ಗೆ ಒಂದು ವರ್ಷದಲ್ಲಿ ಬಂದಿರಲಿಲ್ಲ.

ಡ್ರೈವರ್ ಅಂಕಿ ತೋರಿಸಿದ. "ಇಪ್ಪತ್ನಾಲ್ಕೇ ಅದ ನೋಡಪ. ಒಂದು ದಿನನೂ ಹೆಚ್ಚುಕಮ್ಮಿ ಆಗಿಲ್ಲ."

"ಅದು ಇರೋದಲ್ಲಣ್ಣ. ಅದು ನೀವು ಬೇಡಿದ್ದು," ಎಂದ ಮಿಸ್ತ್ರಿ. "ಬೇಡಿದ್ದು ಯಾವಾಗಲೂ ಹಂಗೇ ಇರ್ತದ. ಅದಕ್ಕೇನು ಸೆಕಿನಾ, ಚಳಿನಾ?"

ಆಮೇಲೆ ಅವನು ಮುಂದೆ ಬಂದು ಬಸವಣ್ಣನನ್ನು ಕಂಡ, ಊದಿನಕಡ್ಡಿಯ ತುಂಡುಗಳನ್ನು ಕಂಡ. ಸೊಂಟದ ಮೇಲೆ ಕೈಯಿಟ್ಟು ನಿಂತ. ನಗು ಬಂದರೂ ನುಂಗಿಕೊಂಡ. ದೇವರನ್ನು ನೀವೇ ಎತ್ತಿರಿ, ನಾನು ಮುಟ್ಟುವುದಿಲ್ಲ ಎಂದ. ಡ್ರೈವರ್ ಎತ್ತಿದ. ಕೆಳಗಿನ ಕಪ್ಪು ಉಬ್ಬು ಬೆಳಕಿಗೆ ಬಂತು.

"ಇದು ಗಾಡಿಯ ಕಣ್ಣು. ಬಿಸಿಲು ಎಷ್ಟು ಬೀಳ್ತದ ಅಂತ ಇದು ನೋಡ್ತದ. ಈ ಜಾಲರಿ ಅದರ ಮೂಗು. ಒಳಗಿನ ಗಾಳಿ ಎಳಕೊಂಡು, ಕುಂತವರಿಗೆ ಸೆಕಿ ಅದನೋ ತಂಪು ಅದನೋ ಅಂತ ತಿಳಕೋತದ. ಇನ್ನೊಂದು ಬಂಪರ್ ಹಿಂದ ಅದ, ಅದು ಹೊರಗಿನ ಹವಾ ನೋಡ್ತದ. ಮೂರೂ ಸುದ್ದಿ ಒಳಗಿನ ಒಂದು ಡಬ್ಬಿಗೆ ಹೋಗ್ತಾವ. ಡಬ್ಬಿ ನಿಮ್ಮ ಇಪ್ಪತ್ನಾಲ್ಕರ ಸಂಗಾಟ ತಾಳೆ ನೋಡ್ತದ. ತಂಪು ಕಡಿಮಿ ಬಿದ್ದರ ಫ್ಯಾನು ಜೋರು ಮಾಡ್ತದ. ತಂಪು ಹೆಚ್ಚಾದರ ಇಂಜಿನ್ನಿನ ಬಿಸಿ ಒಂದೀಟು ಬೆರಸ್ತದ. ಕೂಸಿಗೆ ನೀರು ಎರಿಯೋವಾಗ ಬಿಸಿನೀರು ತಣ್ಣೀರು ಬೆರಸಿ ಕೈ ಅದ್ದಿ ನೋಡ್ತಾರಲ್ಲ, ಹಂಗ. ಗಳಿಗಿ ಗಳಿಗಿಗೂ ಕೈ ಅದ್ದತಿರ್ತದ."

"ಮತ್ತ ನಮ್ಮ ಗಾಡಿ ಯಾಕ ಹಿಂಗ ಮಾಡ್ತು?"

"ಕಣ್ಣಿನ ಮ್ಯಾಲೆ ದೇವರು ಕುಂತಾನ. ಮಟ ಮಟ ಮಧ್ಯಾಹ್ನದಾಗೂ ಅದಕ್ಕ ಸಂಜಿ. ಮೂಗಿನ ತುಂಬ ಬೂದಿ. ಕುಂತವರ ಗಾಳಿ ಒಳಗ ಹೋಗಂಗಿಲ್ಲ. ಅದರ ಬೆನ್ನಿಗಿರೋ ತಣ್ಣನ ಕೊಳವಿ ಕಡಿಂದ ಏನು ತಾಗ್ತದೋ ಅಷ್ಟೇ ಅದಕ್ಕ ಗೊತ್ತು. ತಂಪು ಅದ ಅಂತ ತಿಳಕೊಂಡು ಅದು ಸುಮ್ಮನ ಕುಂತದ. ದೇವರು ಕೊಟ್ಟರೂ ಪೂಜಾರಿ ಕೊಡಂಗಿಲ್ಲ ಅಂತಾರಲ್ಲ, ಹಂಗಾಗ್ಯಾದ ನಿಮ್ಮದು."

ಡ್ರೈವರ್‌ಗೆ ಸಿಟ್ಟು ಬಂತು. ನಾಚಿಕೆಯಾದವನಿಗೆ ಮೊದಲು ಬರುವುದು ಸಿಟ್ಟೇ. ತಾನು ಇಪ್ಪತ್ತೆರಡು ವರ್ಷ ಯಾವ ಡಬ್ಬಿಯೂ ಇಲ್ಲದೆ ಅವ್ವನನ್ನು ತಂಪಾಗಿ ಇಟ್ಟಿದ್ದೆ ಎಂದ. ಏನು ನೋಡಿ ಗ್ಲಾಸು ಇಳಿಸುತ್ತಿದ್ದಿರಿ ಎಂದು ಮಿಸ್ತ್ರಿ ಕೇಳಿದ. ಅವ್ವನ ಹಣೆ ನೋಡಿ ಎಂದು ಡ್ರೈವರ್ ಹೇಳಿದ. ಹೇಳಿದ ಮೇಲೆ ಅವನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಒಂದು ವರ್ಷದ ಹಿಂದೆ ಯಾವ ಯಂತ್ರ ಅವನಿಗೆ ಒಳಗೇ ಚುಚ್ಚಿತ್ತೋ, ಅದು ಮಾಡಬೇಕೆಂದಿದ್ದುದು ಅವನದೇ ಕೆಲಸ. ಬಿಸಿಲು ನೋಡುವುದು. ಕುಳಿತವರನ್ನು ನೋಡುವುದು. ಒಂದಿಷ್ಟು ಏರಿಸುವುದು, ಒಂದಿಷ್ಟು ಇಳಿಸುವುದು. ಅದರ ಕಣ್ಣನ್ನು ಅವನು ದೇವರಿಂದ ಮುಚ್ಚಿದ್ದ, ಮೂಗನ್ನು ಪೂಜೆಯಿಂದ ಮುಚ್ಚಿದ್ದ. ಅದು ಹೋಗಲಿ, ತಿಳಿಯದೆ ಮಾಡಿದ್ದು. ತನ್ನ ಕಣ್ಣನ್ನು ಮುಚ್ಚಿದ್ದು ಯಾವುದು? ಆ ಹಸಿರು ಅಂಕಿ. ಇದನ್ನು ಯೋಚಿಸಿ ಅವನು ಮಿಸ್ತ್ರಿಯ ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತ. ಮಿಸ್ತ್ರಿ ಬೂದಿ ಊದಿ ತೆಗೆಯುತ್ತಿದ್ದ. ಒಂದು ಹಿಡಿ ಬೂದಿ ಬಂತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಒಂದು ಹಿಡಿಯಲ್ಲದಿದ್ದರೂ ಅರ್ಧ ಹಿಡಿ.

ಮುಂದಿನ ಅಮಾವಾಸ್ಯೆ, ಮಣ್ಣೆತ್ತಿನ ಅಮಾವಾಸ್ಯೆ. ಡ್ರೈವರ್ ಊದಿನಕಡ್ಡಿಯನ್ನು ಕಾರಿನ ಮುಂದೆ ನೆಲದಲ್ಲಿ ಚುಚ್ಚಿ ಹಚ್ಚಿದ. ಬಸವಣ್ಣನನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಗಡ್ಡದ ಕನ್ನಡಿಯನ್ನು ತಂತಿಯಿಂದ ಮತ್ತೆ ಕಟ್ಟಿದ. ವ್ಯಾಪಾರಿ ಅದನ್ನು ನೋಡಿದ, ತಾನೇ ಅವ್ವನಿಗೆ ಬಾಗಿಲು ತೆಗೆದ. ಅವ್ವ ಹತ್ತಿ ಕುಳಿತಳು. ಕಾರು ಹೊರಟಿತು. ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ಇಬ್ಬರ ಕಣ್ಣು ಕೂಡಿದವು.

"ಕನ್ನಡ್ಯಾಗ ಮತ್ತ ಬಂದಿಯೇನಪ?" ಎಂದಳು ಅವಳು.

"ಬಂದೆನವ್ವ," ಎಂದ ಅವನು.

ಆ ದಿನ ಯಂತ್ರ ತನ್ನ ಕೆಲಸ ಮಾಡಿತು. ಬಿಸಿಲಿಗೆ ಬಂದರೆ ಫ್ಯಾನು ಏರುತ್ತಿತ್ತು, ಮರಗಳ ಸಾಲಿಗೆ ಬಂದರೆ ಇಳಿಯುತ್ತಿತ್ತು. ಅಂಕಿ ಅಲುಗಲಿಲ್ಲ. ಅಂಕಿ ಅಲುಗದಂತೆ ಇರಲು ಒಳಗೆ ಎಲ್ಲವೂ ಅಲುಗುತ್ತಿತ್ತು. ಡ್ರೈವರ್ ಅದನ್ನು ಕಿವಿಯಿಂದ ಕೇಳಿದ, ಕನ್ನಡಿಯಲ್ಲಿ ಹಣೆಯನ್ನೂ ನೋಡಿದ. ಸೇತುವೆ ಬಂತು. ಹಳ್ಳ ಬಂತೇನಪ ಎಂದು ಅವಳು ಕೇಳಿದಳು.

ಆಮೇಲೆ ಅವಳು ಮೂರು ಬೇಸಿಗೆ ಬದುಕಿದಳು. ಅವಳು ಹೋದ ದಿನ ಡ್ರೈವರ್ ಕಾರಿನೊಳಗೆ ಕುಳಿತು ಅತ್ತ. ಹೆತ್ತ ತಾಯಿಗೂ ಅಷ್ಟು ಅತ್ತಿರಲಿಲ್ಲ. ಈಗ ಕಾವಿ ಉಟ್ಟಿದ್ದೇನೆ, ಆದರೂ ಅಮಾವಾಸ್ಯೆ ಬಂದರೆ ಎದೆ ಭಾರವಾಗುತ್ತದೆ. ಹೇಳಲು ನನಗೆ ನಾಚಿಕೆಯಿಲ್ಲ.

ಅಜ್ಜ ಕತೆ ನಿಲ್ಲಿಸಿದರು. ಬಸವಣ್ಣನನ್ನು ಕಿಟಕಿಯ ಹಲಗೆಯ ಮೇಲೆ, ಗೋಡೆಯ ಮಗ್ಗುಲಿಗೆ, ಬೆಳಕಿಗೆ ಅಡ್ಡವಾಗದಂತೆ ಇಟ್ಟರು.

ರೇವಣಸಿದ್ಧ ತಲೆ ತಗ್ಗಿಸಿ ಕುಳಿತಿದ್ದ. ಅವನಿಗೆ ಕತೆ ಎಲ್ಲಿಗೆ ಬರುತ್ತಿದೆ ಎಂದು ತಿಳಿದಿತ್ತು, ಒಪ್ಪಲು ಮಾತ್ರ ಮನಸ್ಸಿರಲಿಲ್ಲ. ಐದು ದಿನದಿಂದ ಕೇಳಿದ ಹೊಗಳಿಕೆ ಅಷ್ಟು ಬೇಗ ಬಿಡುವುದಿಲ್ಲ.

"ಆದರ ಅಜ್ಜಾರ, ನನ್ನ ಮನಸ್ಸು ಖರೇನ ಅಲುಗಿಲ್ರಿ," ಎಂದ.

ಅಜ್ಜ ಪುಸ್ತಕದ ಮಾತು ಬಿಟ್ಟರು.

"ಅಕ್ಕನ ಮಾರಿ ನೋಡಿ ಬಂದು ಹೇಳ್ಲಿಕತ್ತಿಯೋ ತಮ್ಮಾ, ನೋಡದ ಹೇಳ್ಲಿಕತ್ತಿಯೋ?"

ರೇವಣಸಿದ್ಧ ಎದ್ದು, ಅಕ್ಕನ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.